ನಮ್ಮ ಮಜರೆ ಕಂದಾಯ ಗ್ರಾಮ ಆಗ್ತಿದೆ, ಊರಿನ ಹೆಸರು ಕೊನೆಗೆ ತೀರ್ಮಾನ ಮಾಡೋದು ಯಾರು?

ಮಕ್ಕಿಗದ್ದೆ:
ಎಲ್ಲರಿಗೂ ನಮಸ್ಕಾರ. ಕಂದಾಯ, ಸರ್ವೆ ವಿಷಯ ತಿಳಿದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಮಜರೆ, ಅಂದ್ರೆ ದೊಡ್ಡ ಗ್ರಾಮಕ್ಕೆ ಸೇರಿದ ಸಣ್ಣ ವಸತಿ, ಹದಿನಾಲ್ಕು ಮನೆ. ಊರ ಹೆಸರು ಹೊನ್ನೆಮಕ್ಕಿ. ಪಹಣಿ, ರೇಷನ್ ಕಾರ್ಡು, ಆಧಾರ್ ಎಲ್ಲದರಲ್ಲೂ ಇವತ್ತಿನವರೆಗೆ ಮೂಲ ಗ್ರಾಮದ ಹೆಸರೇ. ನಮ್ಮೂರು ಅಂತ ಒಂದಿದೆ ಅನ್ನೋದಕ್ಕೆ ಯಾವ ದಾಖಲೆನೂ ಇಲ್ಲ. ಈಗ ದಾಖಲೆ ಇಲ್ಲದ ಜನವಸತಿಗಳನ್ನ ಕಂದಾಯ ಗ್ರಾಮ ಮಾಡೋ ಪಟ್ಟಿಲಿ ನಮ್ಮದೂ ಸೇರಿದೆ. ಹಕ್ಕುಪತ್ರ ಸಿಗಬಹುದು ಅಂತ ಎಲ್ಲರಿಗೂ ಖುಷಿ.

ಆದ್ರೆ ಪಟ್ಟಿಲಿ ಊರ ಹೆಸರು "ಹೊನ್ನೆಮಾಕಿ" ಅಂತ ಬಂದಿದೆ. ಕೇಳಿದ್ರೆ "ಇಂಗ್ಲಿಷ್ ಪಟ್ಟಿಯಿಂದ ಕನ್ನಡಕ್ಕೆ ಟೈಪ್ ಆಗಿದ್ದು, ಮೇಲೆ ಸಮಿತಿಯೋರು ಸರಿ ಮಾಡ್ತಾರೆ" ಅಂದ್ರು. ಗ್ರಾಮಸಭೇಲಿ ನಮ್ಮೂರ ಹುಡುಗರೇ ಎದ್ದು, "ಹೆಂಗೂ ಹೊಸದಾಗಿ ಬರೀತಾರಲ್ಲ, ಒಳ್ಳೆ ಹೆಸರೇ ಇಟ್ಟುಬಿಡೋಣ" ಅಂತ ಒಬ್ಬ ನಾಯಕರ ಹೆಸರಿನ ಮುಂದೆ "ನಗರ" ಸೇರಿಸಿ ಹೇಳಿದ್ರು. ಅರ್ಧ ಜನ ಚಪ್ಪಾಳೆ ಹೊಡೆದ್ರು.

ನಮ್ಮ ದೊಡ್ಡಮ್ಮಂಗೆ ಎಂಬತ್ತು ದಾಟಿದೆ. ಸಭೆ ಮುಗಿದ ಮೇಲೆ ನನ್ನ ಕರ್ಕೊಂಡು ಮೇಲಿನ ಧರೆ ಹತ್ರ ಹೋದ್ರು. ಅಲ್ಲೊಂದು ಹಳೇ ಹೊನ್ನೆಮರ ಇದೆ. ಕತ್ತಿ ತುದಿಯಿಂದ ತೊಗಟೆ ಸ್ವಲ್ಪ ಕೆತ್ತಿದ್ರು, ರಕ್ತದ ಹಂಗೆ ಕೆಂಪು ಸೊನೆ ಬಂತು. "ಇದು ಹೊನ್ನೆ. ನೀ ನಿಂತಿರೋದು ಮಕ್ಕಿ. ಇನ್ನೆಂತ ಹೆಸರು ಬೇಕು ನಿಮಗೆ?" ಅಂದ್ರು. ನಂಗೆ ಮಾತು ಬರ್ಲಿಲ್ಲ.

ಆ ಸಮಿತಿ ಯಾವುದು? ಎಲ್ಲಿದೆ? ನಾವು ಅದರ ಮುಂದೆ ಹೇಳೋದು ಹೆಂಗೆ?

ಆಗುಂಬೆ ಮಳೆ:
ದೊಡ್ಡಮ್ಮಂಗೆ ನನ್ನ ನಮಸ್ಕಾರ ಹೇಳಿ ಮಾರ್ರೆ.

ಭದ್ರೆ ದಂಡೆ:
ಹುಡುಗರು ಹೇಳಿದ್ರಲ್ಲಿ ಎಂತ ತಪ್ಪು? ಊರಿನ ಹೆಸರು ಬದಲಾಗೋದು ಹೊಸತೇನಲ್ಲ. ನಮ್ಮ ಭದ್ರಾವತಿ ಮೊದಲು ಬೆಂಕಿಪುರ. ಈಗ ಯಾರಾದ್ರೂ ಬೆಂಕಿಪುರ ಅಂತಾರಾ? ನಿಮ್ಮ ತಾಲ್ಲೂಕಿನ ನಗರನೇ ನೋಡಿ. ಮೊದಲು ಬಿದನೂರು, 1763ರಲ್ಲಿ ಹೈದರ್ ಗೆದ್ದ ಮೇಲೆ ಹೈದರ್‌ನಗರ, ಆಮೇಲೆ ಬರೀ ನಗರ. ಹೊಸನಗರಕ್ಕೂ ಮೊದಲು ಕಲ್ಲೂರುಕಟ್ಟೆ ಅಂತಿದ್ರು. ಜನ ಬದಲಾಯಿಸ್ಕೊಂಡೇ ಬಂದಿದ್ದಾರೆ.

ಟಿಪ್ಪಣಿ ಪುಸ್ತಕ:
ನಾನು ಭೂಮಾಪನದಲ್ಲಿ ಇದ್ದು ನಿವೃತ್ತನಾದವನು. ಎರಡು ಬೇರೆ ಬೇರೆ ವಿಷಯ ಸೇರಿಹೋಗಿವೆ, ಮೊದಲು ಬಿಡಿಸ್ತೀನಿ.

ಇರೋ ಹೆಸರನ್ನ ಬದಲಾಯಿಸೋದು ಒಂದು. ಊರು, ಪಟ್ಟಣ, ರೈಲ್ವೆ ನಿಲ್ದಾಣದ ಹೆಸರು ಬದಲಾಗಬೇಕಾದ್ರೆ ರಾಜ್ಯ ಸರ್ಕಾರ ಪ್ರಸ್ತಾವನೆ ಕಳಿಸಬೇಕು, ಕೇಂದ್ರ ಗೃಹ ಸಚಿವಾಲಯ ಆಕ್ಷೇಪ ಇಲ್ಲ ಅಂತ ಪತ್ರ ಕೊಡಬೇಕು. ಅದಕ್ಕೆ 1953ರ ಮಾರ್ಗಸೂಚಿ ಇದೆ. ಗೃಹ ಸಚಿವಾಲಯ ಒಬ್ಬರೇ ಕೂತು ತೀರ್ಮಾನ ಮಾಡಲ್ಲ. ರೈಲ್ವೆ, ಅಂಚೆ ಇಲಾಖೆ, ಸರ್ವೆ ಆಫ್ ಇಂಡಿಯಾ, ಎಲ್ಲರನ್ನೂ ಕೇಳುತ್ತೆ. ಅದೇ ಹೆಸರಿನ ಊರೋ ನಿಲ್ದಾಣವೋ ಇನ್ನೊಂದಿದ್ರೆ ಗೊಂದಲ ಆಗುತ್ತಲ್ಲ, ಅದಕ್ಕೆ. ಒಂದು ರಾಜ್ಯದ ಹೆಸರೇ ಬದಲಾಗಬೇಕು ಅಂದ್ರೆ ಸಂವಿಧಾನದ 3ನೇ ವಿಧಿ ಪ್ರಕಾರ ಸಂಸತ್ತಿಗೇ ಹೋಗಬೇಕು. ನಮ್ಮ ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕ ಆಗಿದ್ದು ಹಾಗೆ.

ನಿಮ್ಮದು ಎರಡನೇದು. ಇದು ಬದಲಾವಣೆ ಅಲ್ಲ, ಹೊಸ ಕಂದಾಯ ಗ್ರಾಮದ ಘೋಷಣೆ. ದೆಹಲಿವರೆಗೆ ಹೋಗೋ ವಿಷಯವೇ ಅಲ್ಲ. ಗ್ರಾಮ ಆಡಳಿತಾಧಿಕಾರಿ, ಆರ್‌ಐ (ಕಂದಾಯ ನಿರೀಕ್ಷಕರು), ತಹಶೀಲ್ದಾರ್, ಜಿಲ್ಲಾಧಿಕಾರಿ, ಕಂದಾಯ ಇಲಾಖೆ, ಹೀಗೆ ಕೆಳಗಿಂದ ಮೇಲಕ್ಕೆ ಹೋಗುತ್ತೆ. ಮೊದಲು ಪ್ರಾಥಮಿಕ ಅಧಿಸೂಚನೆ, ಅದಕ್ಕೆ ಆಕ್ಷೇಪಣೆ, ಆಮೇಲೆ ಅಂತಿಮ ಅಧಿಸೂಚನೆ. "ಮೇಲಿನ ಸಮಿತಿ ಸರಿ ಮಾಡುತ್ತೆ" ಅನ್ನೋ ಮಾತು ನಂಬಿ ಕೂರಬೇಡಿ. ಕೆಳಗಿಂದ ಕಾಗದದ ಮೇಲೆ ಏನು ಹೋಗುತ್ತೋ ಮೇಲೆ ಅದಕ್ಕೇ ಸಹಿ ಬೀಳೋದು. ಬೆಂಗಳೂರಲ್ಲಿ ಕೂತವರಿಗೆ ಮಕ್ಕಿ ಯಾವುದು ಮಾಕಿ ಯಾವುದು ಹೇಗೆ ಗೊತ್ತಾಗಬೇಕು?

ಭದ್ರೆ ದಂಡೆ:
ಸಾರ್, ಹಂಗಾದ್ರೆ ನಮ್ಮಲ್ಲಿ ಹೆಸರಿಗೆ ಅಂತಲೇ ಒಂದು ಕಾಯಂ ಮಂಡಳಿ ಇಲ್ವಾ?

ಟಿಪ್ಪಣಿ ಪುಸ್ತಕ:
ಅಮೆರಿಕದಲ್ಲಿ 1890ರಿಂದ ಇದೆ. ನಮ್ಮ ದೇಶಕ್ಕೆಲ್ಲ ಒಂದೇ ಅಂತ ಅಂಥ ಮಂಡಳಿ ಇಲ್ಲ. ನಕ್ಷೆಯಲ್ಲಿ ಹೆಸರು ಹೇಗೆ ಬರೀಬೇಕು ಅನ್ನೋದು ಸರ್ವೆ ಆಫ್ ಇಂಡಿಯಾ ಕೆಲಸ, 1767ರಿಂದ ಇರೋ ಸಂಸ್ಥೆ. ವಿಶ್ವಸಂಸ್ಥೆಯಲ್ಲೂ ಭೌಗೋಳಿಕ ಹೆಸರುಗಳ ತಜ್ಞರ ಗುಂಪು ಇದೆ, ಅವರ ಮೊದಲ ಸಮ್ಮೇಳನ 1967ರಲ್ಲಿ ಜಿನೀವಾದಲ್ಲಿ ನಡೀತು. ಆದರೆ ಅವರು ಯಾವ ಊರಿಗೂ ಹೆಸರು ಇಡಲ್ಲ. ಪ್ರತಿ ದೇಶನೂ ತನ್ನ ಹೆಸರುಗಳನ್ನ ಒಂದೇ ರೀತಿ ಬರೆಯೋ ವ್ಯವಸ್ಥೆ ಮಾಡ್ಕೊಳ್ಳಿ ಅಂತಾರೆ, ಅಷ್ಟೆ.

ಸಾಗರದವ:
1953ರ ಮಾರ್ಗಸೂಚಿಲಿ ಎಂತ ಇದೆ ಅಂತ ಪೂರ್ತಿ ಹೇಳಿ ಸಾರ್, ಉಪಯೋಗಕ್ಕೆ ಬರ್ತದೆ.

ಟಿಪ್ಪಣಿ ಪುಸ್ತಕ:
ನೆನಪಿರೋ ಸಾರಾಂಶ ಹೇಳ್ತೀನಿ. ಜನಕ್ಕೆ ರೂಢಿಯಾದ ಹೆಸರನ್ನ ಬಲವಾದ ಕಾರಣ ಇಲ್ಲದೆ ಮುಟ್ಟಬಾರದು. ಇತಿಹಾಸದ ನಂಟಿರೋ ಹೆಸರನ್ನ ಆದಷ್ಟು ಉಳಿಸಬೇಕು. ಬರೀ ಸ್ಥಳೀಯ ಅಭಿಮಾನಕ್ಕೋ ಭಾಷೆಯ ಕಾರಣಕ್ಕೋ ಬದಲಾಯಿಸಬಾರದು, ರಾಷ್ಟ್ರನಾಯಕರಿಗೆ ಗೌರವ ತೋರಿಸೋಕೆ ಅಂತ ಊರಿಗೆ ಅವರ ಹೆಸರು ಇಡೋದೂ ಅದರಲ್ಲೇ ಬಂತು. ಹೊಸ ಹೆಸರು ಆರಿಸುವಾಗ ಅದೇ ರಾಜ್ಯದಲ್ಲಿ, ಅಕ್ಕಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು ಊರು ಇರಬಾರದು. ಯಾಕೆ ಬದಲಾವಣೆ, ಯಾಕೆ ಇದೇ ಹೆಸರು ಅಂತ ರಾಜ್ಯ ವಿವರವಾಗಿ ಕಾರಣ ಕೊಡಬೇಕು.

ನಿಮ್ಮ ಊರಿಗೆ ಈ ಮಾರ್ಗಸೂಚಿ ನೇರ ಅನ್ವಯ ಆಗದಿದ್ರೂ ಅದರ ತತ್ವವನ್ನ ಆಕ್ಷೇಪಣೆ ಅರ್ಜಿಯಲ್ಲಿ ಹಾಕಬಹುದು.

ಭದ್ರೆ ದಂಡೆ:
ಭಾಷೆಯ ಕಾರಣಕ್ಕೆ ಆಗಲ್ಲ ಅಂದ್ರೆ ಶಿವಮೊಗ್ಗ ಹೇಗಾಯ್ತು? ಬೆಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿ? ಅದೂ ಭಾಷೆಯ ಕಾರಣಕ್ಕೇ ಅಲ್ವಾ?

ಸಾಗರದವ:
ಒಳ್ಳೆ ಪ್ರಶ್ನೆ. ಅದಕ್ಕೇ ಅಷ್ಟು ವರ್ಷ ಹಿಡೀತು ಅಂತ ನನ್ನ ಲೆಕ್ಕ. ಸುವರ್ಣ ಕರ್ನಾಟಕದ ಹೊತ್ತಲ್ಲಿ, 2006ರಲ್ಲಿ, ಯು.ಆರ್. ಅನಂತಮೂರ್ತಿಯವರು ಸಲಹೆ ಕೊಟ್ಟಿದ್ದು. ನಮ್ಮ ತೀರ್ಥಹಳ್ಳಿ ಕಡೆಯೋರೇ. ಜಾರಿಗೆ ಬಂದಿದ್ದು 2014ರ ನವೆಂಬರ್ 1ಕ್ಕೆ. ಹನ್ನೆರಡು ಊರು, ಎಂಟು ವರ್ಷ. ಆ ವರ್ಷವೇ ಆಗಸ್ಟಲ್ಲಿ ಅವರು ತೀರಿಕೊಂಡಿದ್ರು. ಅದನ್ನ ನೋಡೋಕೆ ಅವರು ಇರ್ಬೇಕಿತ್ತು ಅಂತ ನಂಗೆ ಈಗಲೂ ಅನ್ಸುತ್ತೆ.

ಇನ್ನೊಂದು ವಿಷಯ. ಅಲ್ಲಿ ಹೆಚ್ಚಿನವು ಹೊಸ ಹೆಸರೇ ಅಲ್ಲ. ಜನರ ಬಾಯಲ್ಲಿ ಯಾವತ್ತೂ ಶಿವಮೊಗ್ಗನೇ. ಇಂಗ್ಲಿಷಿನ "ಶಿಮೋಗ" ತೆಗೆದು ಬಾಯಲ್ಲಿ ಇರೋದನ್ನ ಕಾಗದಕ್ಕೆ ತಂದಿದ್ದು. ಇವರ ಹೊನ್ನೆಮಕ್ಕಿ ಕೇಳ್ತಿರೋದೂ ಅಷ್ಟೇ ಅಲ್ದಾ?

ತುಂಗಾ ತೀರ:
ಶಿವಮೊಗ್ಗ ಅಂದ್ರೆ ಶಿವನ ಮುಖ, ಅದಕ್ಕೇ ಬಂದ ಹೆಸರು.

ಆಗುಂಬೆ ಮಳೆ:
ಸಿಹಿಮೊಗೆ ಕಣ್ರಿ! ಮೊಗೆ ಅಂದ್ರೆ ಮಡಕೆ. ದೂರ್ವಾಸರು ಗಿಡಮೂಲಿಕೆ ಕುದಿಸ್ತಿದ್ದ ಮಡಕೆ, ದನ ಕಾಯೋರು ರುಚಿ ನೋಡಿದ್ರೆ ಸಿಹಿ ಇತ್ತಂತೆ. ನಮ್ಮಜ್ಜಿ ಹೇಳ್ತಿದ್ದ ಕಥೆ.

ತುಂಗಾ ತೀರ:
ಕಥೆ ಬೇರೆ, ಹೆಸರಿನ ಮೂಲ ಬೇರೆ.

ಆಗುಂಬೆ ಮಳೆ:
ಶಿವನ ಮುಖನೂ ಕಥೆನೇ ಅಲ್ವಾ ಮತ್ತೆ. ಎರಡೂ ಇರ್ಲಿ ಬಿಡಿ.

ನಕ್ಷೆ ತಿದ್ದುವವಳು:
ನಾನು ಬಿಡುವಿದ್ದಾಗ ಅಂತರ್ಜಾಲದ ಮುಕ್ತ ನಕ್ಷೆಗೆ ಮಲೆನಾಡಿನ ಊರುಗಳ ಹೆಸರು ಸೇರಿಸ್ತೀನಿ. ಹೊನ್ನೆಮಾಕಿ ಯಾಕಾಯ್ತು ಅಂತ ಹೇಳ್ತೀನಿ ಕೇಳಿ.

ಸರ್ಕಾರಿ ನಕ್ಷೆಗಳಲ್ಲಿ ನಮ್ಮ ಭಾಷೆಯ ಹೆಸರನ್ನ ಇಂಗ್ಲಿಷಿಗೆ ತರೋಕೆ ಹಂಟೇರಿಯನ್ ಪದ್ಧತಿ ಅಂತ ಬಳಸ್ತಾರೆ, ಬ್ರಿಟಿಷರ ಕಾಲದ್ದು. ಒತ್ತಕ್ಷರ ಇದ್ರೆ ಅಕ್ಷರ ಎರಡು ಸಲ ಬರೀಬೇಕು. ಯಾರೋ ಎಲ್ಲೋ ಒಂದು "ಕೆ" ಬಿಟ್ಟಿದ್ದಾರೆ, ಕಂಪ್ಯೂಟರ್ ಅದನ್ನ ತಿರುಗಿ ಕನ್ನಡಕ್ಕೆ ಹಾಕುವಾಗ ಮಾಕಿ ಮಾಡಿದೆ. ಒಂದು ಸಲ ಕನ್ನಡದಿಂದ ಇಂಗ್ಲಿಷಿಗೆ ಹೋದ ಹೆಸರು ಇಂಗ್ಲಿಷಿನಿಂದ ವಾಪಸ್ ಸರಿಯಾಗಿ ಬರಲ್ಲ. ಲ ಮತ್ತು ಳ ಎರಡಕ್ಕೂ ಅಲ್ಲಿ ಒಂದೇ ಅಕ್ಷರ. ಎ-ಏ, ಒ-ಓ ವ್ಯತ್ಯಾಸ ಇಲ್ಲ. ಕಳಸವಳ್ಳಿ ಅನ್ನೋದನ್ನ ಇಂಗ್ಲಿಷಲ್ಲಿ ಬರೆದು, ಊರೇ ನೋಡದವರ ಕೈಗೆ ಕೊಡಿ. ಕಲಸವಲ್ಲಿ ಅಂತ ಓದ್ತಾರೆ. ಹಿಂದಿಗೆ ಹೋದ್ರೆ ಸಾಗರದ ಕೊನೆ ಅಕಾರನೂ ಹೋಗಿ ಸಾಗರ್ ಆಗುತ್ತೆ.

ಅದಕ್ಕೇ ಅರ್ಜಿಯಲ್ಲಿ ಕನ್ನಡದ ಹೆಸರೇ ಮೂಲ ಅಂತ ಸ್ಪಷ್ಟ ಬರೀರಿ, ಇಂಗ್ಲಿಷ್ ಕಾಗುಣಿತನೂ ನೀವೇ ಕೊಡಿ. ಅವರಿಗೆ ಬಿಟ್ಟರೆ ಮತ್ತೆ ಇದೇ ಆಗೋದು.

ಸಾಗರದವ:
ನಮ್ಮ ರೈಲ್ವೆ ಸ್ಟೇಷನ್ ಬೋರ್ಡು ನೋಡಿದ್ದೀರಾ? ಸಾಗರ ಜಂಬಗಾರು. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ, ಅಲ್ಲೂ ಸ್ಟೇಷನ್ ಇದೆ. ಪಕ್ಕದ ಜಂಬಗಾರು ಸೇರಿದ್ದರಿಂದ ಬೇರೆ ಅಂತ ಗೊತ್ತಾಗುತ್ತೆ. ಚಿಕ್ಕವನಿದ್ದಾಗ ತಾಳಗುಪ್ಪದ ರೈಲಲ್ಲಿ ಕೂತು ಆ ಬೋರ್ಡು ಮೂರೂ ಭಾಷೇಲಿ ಜೋರಾಗಿ ಓದ್ತಿದ್ದೆ.

ತುಂಗಾ ತೀರ:
ಶಿವಮೊಗ್ಗ ಟೌನಿನ ಸ್ಟೇಷನ್ ಕೋಡು ಇವತ್ತಿಗೂ ಎಸ್‌ಎಂಇಟಿ. ಹೆಸರು ಬದಲಾಯ್ತು, ಕೋಡು ಹಳೇದೇ.

ಮುಳುಗಡೆ ಮನೆಯವಳು:
ಎಲ್ಲರ ಮಾತೂ ಓದ್ದೆ. ನಂದೂ ಒಂದು ಇರ್ಲಿ.

ನಮ್ಮ ಅಜ್ಜನ ಊರು ಲಿಂಗನಮಕ್ಕಿ ಹಿನ್ನೀರಲ್ಲಿದೆ. 1964ರಲ್ಲಿ ಅಣೆಕಟ್ಟು ಆದ ಮೇಲೆ ನಮ್ಮೋರೆಲ್ಲ ಶಿವಮೊಗ್ಗ ಕಡೆ ಬಂದ್ರು. ಕಾಡು ಕಡಿದು ಮನೆ ಕಟ್ಟಿದ್ರು. ಹೊಸ ಜಾಗಕ್ಕೆ ಯಾರೋ ಒಂದು ಹೆಸರು ಕೊಟ್ರು, ನಮ್ಮನ್ನ ಕೇಳಿ ಕೊಟ್ಟಿದ್ದಲ್ಲ. ಅಪ್ಪಯ್ಯ ಸಾಯೋವರೆಗೂ ಆ ಹೆಸರು ಒಂದು ಸಲನೂ ಹೇಳ್ಲಿಲ್ಲ. "ಮನೆಗೆ ಹೋಗ್ತೆ" ಅಂತಿದ್ರು, ಅಷ್ಟೇ. ಯಾರಾದ್ರೂ ಯಾವೂರು ಅಂತ ಕೇಳಿದ್ರೆ ಮುಳುಗಿದ ಊರಿನ ಹೆಸರೇ.

ಬೇಸಿಗೇಲಿ ನೀರು ಇಳಿದಾಗ ಒಂದು ಸಲ ಅಜ್ಜಯ್ಯ ನಮ್ಮನ್ನ ಕರ್ಕೊಂಡು ಹೋಗಿದ್ರು. ಒಣಗಿದ ಕೆಸರು, ಬಿರುಕು ಬಿಟ್ಟ ನೆಲ, ಅಲ್ಲಲ್ಲಿ ಮರದ ಬೊಡ್ಡೆ. ನಮಗೆ ಎಂತದೂ ಕಾಣ್ಲಿಲ್ಲ. ಅವರು ಕೋಲು ಊರ್ಕೊಂಡು ನಡೀತಾ "ಇದು ಬಾವಿಗದ್ದೆ, ಇದು ದೊಡ್ಡಮಕ್ಕಿ, ಇಲ್ಲಿ ಸಂಕ ಇತ್ತು" ಅಂತ ಒಂದೊಂದೇ ಹೇಳಿದ್ರು. ಹೆಸರು ಹೇಳಿದ ಕೂಡಲೇ ಅಲ್ಲೊಂದು ಊರು ಕಂಡ ಹಾಗಾಯ್ತು ನಂಗೆ. ಅವತ್ತು ಅದನ್ನೆಲ್ಲ ಬರೆದಿಡ್ಬೇಕಿತ್ತು. ನಂಗೆ ಹತ್ತು ವರ್ಷ, ತಿಳೀಲಿಲ್ಲ. ಈಗ ಕೇಳೋಣ ಅಂದ್ರೆ ಹೇಳೋರಿಲ್ಲ.

ತಮ್ಮಾ, ನಿಮ್ಮ ದೊಡ್ಡಮ್ಮ ಇನ್ನೂ ಇದ್ದಾರೆ. ಬರೀ ಊರ ಹೆಸರಲ್ಲ, ಗದ್ದೆ, ಹಳ್ಳ, ಕಾನು, ಹಕ್ಕಲು ಎಲ್ಲದರ ಹೆಸರೂ ಕೇಳಿ ಬರ್ಕೊಳಿ. ನಾಳೆ ಅಂತ ತಳ್ಳಬೇಡಿ.

ಮಕ್ಕಿಗದ್ದೆ:
ಅಕ್ಕಾ, ಇವತ್ತೇ ಸಂಜೆ ಕೂರ್ತೀನಿ. ಓದಿ ಕಣ್ಣು ತುಂಬಿತು.

ಕೇರಿ ಹುಡುಗ:
ಎಲ್ಲರೂ ಹಳೆ ಹೆಸರೇ ಶ್ರೇಷ್ಠ ಅಂತಿದ್ದೀರಿ. ನನ್ನ ಕಡೆಯಿಂದ ಒಂದು ಮಾತು ಹೇಳಲೇಬೇಕು.

ನಾನು ಹುಟ್ಟಿದ ಕೇರಿಯ ಹೆಸರಲ್ಲಿ ನಮ್ಮ ಜಾತಿಯ ಹೆಸರೇ ಇತ್ತು, ಅದೂ ಬೈಗುಳದ ರೂಪದಲ್ಲಿ. ಹೈಸ್ಕೂಲಿಗೆ ಸೇರಿದಾಗ ಅರ್ಜಿಯ ವಿಳಾಸ ನೋಡಿದ ಕೂಡಲೇ ಎದುರಿಗಿದ್ದವರ ಮುಖ ಬದಲಾಯ್ತು. ಹನ್ನೆರಡು ವರ್ಷದವನಿಗೂ ಅದು ಗೊತ್ತಾಗುತ್ತೆ. ಅಂಚೆ ಕಾಗದದ ಮೇಲೂ ಅದೇ. ಊರ ಹಿರಿಯರನ್ನ ಕೇಳಿದ್ರೆ "ಮೊದಲಿಂದ ಹಂಗೇ ಇರೋದು" ಅಂತಿದ್ರು. ಮೊದಲಿಂದ ಇತ್ತು ಅನ್ನೋದೇ ನಮಗೆ ಆದ ಅನ್ಯಾಯ.

ಮಹಾರಾಷ್ಟ್ರ ಸರ್ಕಾರ 2020ರ ಡಿಸೆಂಬರಲ್ಲಿ ಜಾತಿ ಹೆಸರಿನ ಕೇರಿ, ವಸತಿಗಳ ಹೆಸರು ತೆಗೆಯೋ ತೀರ್ಮಾನ ಮಾಡ್ತು. ಅಮೆರಿಕದ ಮಂಡಳಿ 2022ರಲ್ಲಿ ಅಲ್ಲಿನ ಮೂಲನಿವಾಸಿ ಹೆಂಗಸರನ್ನ ಹೀಯಾಳಿಸೋ ಒಂದೇ ಒಂದು ಪದ ಇರೋ ಸುಮಾರು 650 ಜಾಗಗಳ ಹೆಸರು ಬದಲಾಯಿಸ್ತು. ಹಾಗಾಗಿ ಬದಲಾವಣೆ ಕೆಟ್ಟದ್ದು, ಹಳೇದು ಒಳ್ಳೇದು ಅಂತ ಸಾರಾಸಗಟಾಗಿ ಹೇಳಬೇಡಿ.

ಟಿಪ್ಪಣಿ ಪುಸ್ತಕ:
ಒಪ್ಪಿದೆ. ಆ ಹೆಸರು ನೀವು ಇಟ್ಟುಕೊಂಡಿದ್ದಲ್ಲ, ಮೇಲಿನ ಕೇರಿಯವರು ನಿಮ್ಮ ಮೇಲೆ ಹೇರಿದ್ದು. ನನ್ನ ಸೇವೆಯಲ್ಲಿ ಅಂಥ ಹೆಸರುಗಳನ್ನ ನಾನೇ ಟಿಪ್ಪಣಿ ಪುಸ್ತಕದಲ್ಲಿ, ಅಂದ್ರೆ ಜಮೀನು ಅಳೆಯುವಾಗ ವಿವರ ಬರೆಯೋ ಪುಸ್ತಕದಲ್ಲಿ, ಬರೆದಿದ್ದೀನಿ. ಕೇರಿಯೊಳಗೆ ಹೋಗಿ ನೀವು ಏನಂತ ಕರ್ಕೊಳ್ತೀರಿ ಅಂತ ಒಂದು ಸಲವಾದ್ರೂ ಕೇಳಬೇಕಿತ್ತು. ಕೇಳಲಿಲ್ಲ.

ಕೇರಿ ಹುಡುಗ:
ಸಾರ್, ಇಷ್ಟು ಹೇಳಿದ್ರಲ್ಲ, ಸಾಕು. ಈಗ ನಮ್ಮ ಕೇರಿಗೆ ನಾವೇ ಆರಿಸಿದ ಹೆಸರಿದೆ. ಹೊನ್ನೆಮಕ್ಕಿ ಉಳೀಲಿ ಅಂತಲೇ ನನ್ನ ಮತನೂ. ಅದು ಮರದ ಹೆಸರು, ಗದ್ದೆ ಹೆಸರು, ಅದರಿಂದ ಯಾರಿಗೂ ನೋವಿಲ್ಲ.

ದಕ್ಷಿಣದ್ವೀಪ:
ನಾನು ಕೊಪ್ಪದವನು, ಈಗ ಇರೋದು ನ್ಯೂಜಿಲೆಂಡಲ್ಲಿ. ಇಲ್ಲಿ ಹೆಸರಿಗೆ ಅಂತಲೇ ಮಂಡಳಿ ಇದೆ. ಯಾರು ಬೇಕಾದ್ರೂ ಪ್ರಸ್ತಾವನೆ ಕೊಡಬಹುದು, ಅದನ್ನ ಸಾರ್ವಜನಿಕವಾಗಿ ಪ್ರಕಟಿಸ್ತಾರೆ, ಜನ ಪರ ವಿರೋಧ ಬರೀತಾರೆ. ಒಂದೇ ಅಕ್ಷರಕ್ಕೆ ಇಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ. ವಾಂಗಾನುಯಿ ಅಂತ ಒಂದು ಊರು. ಮಾವೊರಿ ಭಾಷೇಲಿ "ದೊಡ್ಡ ಬಂದರು" ಅಂತ ಅರ್ಥ. ಬರೆಯುವಾಗ "ಹೆಚ್" ಅಕ್ಷರ ಬಿಟ್ಟುಹೋಗಿತ್ತು. ಅಲ್ಲಿನ ಮಾವೊರಿ ಜನ ಆ ಅಕ್ಷರ ವಾಪಸ್ ಬೇಕು ಅಂದ್ರು, ಊರಲ್ಲಿ ತುಂಬ ಜನ ಬೇಡ ಅಂದ್ರು. 2009ರಲ್ಲಿ ಮಂಡಳಿ "ಹೆಚ್" ಇರಬೇಕು ಅಂತು, ಆದ್ರೆ ಸಚಿವರು ಎರಡೂ ರೀತಿ ಬರೆಯಬಹುದು ಅಂದ್ರು. 2015ರಲ್ಲಿ ಜಿಲ್ಲೆಯ ಹೆಸರಿಗೆ "ಹೆಚ್" ಬಂತು. ಒಂದು ಕಕಾರದ ಒತ್ತಿಗೆ ಹೊಡೆದಾಡೋದು ಸಣ್ಣ ವಿಷಯ ಅಂತ ಯಾರಾದ್ರೂ ಅಂದ್ರೆ ಇದನ್ನ ಹೇಳಿ.

ಭದ್ರೆ ದಂಡೆ:
ನಾಯಕರ ಹೆಸರು ಬೇಡ ಅನ್ನೋರು ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಕುವೆಂಪು ಹೆಸರು ಇಟ್ಟಾಗ ಸಂತೋಷ ಪಟ್ಟಿದ್ದೀರಿ ತಾನೆ?

ಸಾಗರದವ:
ಪಟ್ಟಿದ್ದೀವಿ. ನಿಲ್ದಾಣ ಹೊಸದಾಗಿ ಕಟ್ಟಿದ್ದು, ಅದಕ್ಕೆ ಮೊದಲೊಂದು ಹೆಸರಿರಲಿಲ್ಲ. ಸೋಗಾನೆ ಅನ್ನೋ ಊರಿನ ಹೆಸರು ಸೋಗಾನೆಯಾಗೇ ಉಳೀತು. ಕುವೆಂಪು ಅನ್ನೋದರಲ್ಲಿ ಮೊದಲ ಅಕ್ಷರವೇ ಕುಪ್ಪಳಿ. ಅವರೇ ಊರ ಹೆಸರನ್ನ ತಮ್ಮ ಹೆಸರಲ್ಲಿ ಹೊತ್ತವರು. ಹೊನ್ನೆಮಕ್ಕಿ ಹಾಗಲ್ಲ, ಅಲ್ಲಿ ಇರೋದನ್ನ ಅಳಿಸಿ ಬರೀಬೇಕು.

ದಕ್ಷಿಣದ್ವೀಪ:
ಅಮೆರಿಕದ ಮಂಡಳಿ ಬದುಕಿರೋರ ಹೆಸರನ್ನ ಜಾಗಕ್ಕೆ ಇಡಲ್ಲ. ತೀರಿಕೊಂಡು ಕನಿಷ್ಠ ಐದು ವರ್ಷ ಆಗಿರಬೇಕು. ಆ ಗ್ರಾಮಸಭೆಯ ಹುಡುಗರಿಗೆ ಇದನ್ನ ಹೇಳಿ ನೋಡಿ.

ತುಂಗಾ ತೀರ:
ವಿಮಾನ ನಿಲ್ದಾಣ ಅಂದಾಗ ನೆನಪಾಯ್ತು. ಅದು ಉದ್ಘಾಟನೆಯಾಗಿದ್ದು 2023ರ ಫೆಬ್ರವರಿ 27. ಊರುಗಳ ಹೆಸರು ಬದಲಾಯಿಸೋಕೆ ಒಂದು ಆಯೋಗ ಮಾಡಿ ಅಂತ ಹಾಕಿದ್ದ ಅರ್ಜಿಯನ್ನ ಸುಪ್ರೀಂ ಕೋರ್ಟ್ ವಜಾ ಮಾಡಿದ್ದೂ ಅದೇ ದಿನ. ಪೀಠದಲ್ಲಿ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ರು.

ಆಗುಂಬೆ ಮಳೆ:
ರಿಪ್ಪನ್‌ಪೇಟೆ ಬಗ್ಗೆ ಯಾರೂ ಹೇಳ್ಲಿಲ್ಲ. ಬ್ರಿಟಿಷ್ ವೈಸರಾಯ್ ಹೆಸರಿನ ಪೇಟೆ ನಮ್ಮ ಮಲೆನಾಡ ಮಧ್ಯೆ! ನಂಗೆ ಅಲ್ಲಿಯ ಸಂತೆ ಬಹಳ ಇಷ್ಟ. ಹೆಸರೂ ನಮ್ಮದೇ ಆಗಿಹೋಗಿದೆ.

ಅಡಿಕೆ ಸೋಗೆ:
ಮಕ್ಕಿ ಅಂದ್ರೆ ಈಗಿನ ಹುಡುಗರಿಗೆ ಗೊತ್ತಿಲ್ಲ, ಅದೇ ತೊಂದರೆ. ಮಕ್ಕಿಗದ್ದೆ ಅಂದ್ರೆ ಮೇಲಿನ ಗದ್ದೆ, ಮಳೆ ನೀರನ್ನೇ ನಂಬಿದ್ದು. ಬೈಲುಗದ್ದೆ ಕೆಳಗೆ, ನೀರು ನಿಲ್ಲೋದು. ಹೆಸರು ಕೇಳಿದ್ರೇ ಆ ಊರು ಗುಡ್ಡದ ಯಾವ ಮಟ್ಟದಲ್ಲಿದೆ, ಅಲ್ಲಿ ಎಂತ ಬೆಳೀಬಹುದು ಅಂತ ನಮ್ಮಪ್ಪ ಹೇಳ್ತಿದ್ರು. ಹೆಣ್ಣು ಕೊಡುವಾಗಲೂ ಊರ ಹೆಸರು ನೋಡ್ತಿದ್ರಂತೆ, ಮಕ್ಕಿನೋ ಬೈಲೋ ಅಂತ. ಈಗ ಗದ್ದೆ ಎಲ್ಲ ಅಡಿಕೆ ತೋಟ ಆಯ್ತು, ಆ ನೆಲ ಹೇಗಿತ್ತು ಅಂತ ಹೇಳೋಕೆ ಉಳಿದಿರೋದು ಹೆಸರೊಂದೇ. "ನಗರ" ಅಂತ ಇಟ್ರೆ ಅದರಿಂದ ಎಂತ ಗೊತ್ತಾಗ್ತದೆ?

ಮಕ್ಕಿಗದ್ದೆ:
ಎಲ್ಲರಿಗೂ ಧನ್ಯವಾದ. ಮೂರು ದಿನದ ಸುದ್ದಿ ಹೇಳ್ತೀನಿ.

ದೊಡ್ಡಮ್ಮನ ಜೊತೆ ಎರಡು ಸಂಜೆ ಕೂತೆ. ನಲವತ್ತೊಂದು ಹೆಸರು ಸಿಕ್ಕಿತು. ನಾನು ದಿನಾ ದಾಟೋ ಸಣ್ಣ ಹಳ್ಳಕ್ಕೂ ಹೆಸರಿದೆ, ಮುತ್ತಲ ಹಳ್ಳ. ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಸಭೇಲಿ ನಗರ ಅಂದಿದ್ದ ಹುಡುಗರಲ್ಲಿ ಇಬ್ಬರನ್ನ ಎರಡನೇ ದಿನ ಕರ್ಕೊಂಡು ಹೋದೆ. ದೊಡ್ಡಮ್ಮ ಅವರ ಮನೆ ಹಿಂದಿನ ದಿಬ್ಬದ ಹೆಸರು ಹೇಳಿದ್ರು, ಅದು ಅವರ ಮುತ್ತಜ್ಜ ಮೊದಲು ಕಡಿದು ಹಸನು ಮಾಡಿದ ಹಕ್ಕಲು. ಒಬ್ಬ ಅಲ್ಲೇ ಮೊಬೈಲ್ ತೆಗೆದು ರೆಕಾರ್ಡ್ ಮಾಡೋಕೆ ಶುರು ಮಾಡಿದ. ಇನ್ನೊಬ್ಬ ಇನ್ನೂ ನಗರ ಅಂತಲೇ ಹೇಳ್ತಿದ್ದಾನೆ. ಸಹಿಗೆ ಹನ್ನೊಂದು ಮನೆಯೋರು ಒಪ್ಪಿದ್ದಾರೆ, ಮೂರು ಮನೆ ಬಾಕಿ.

ಸಾರ್, ಆಕ್ಷೇಪಣೆ ಎಲ್ಲಿ ಕೊಡಬೇಕು, ಜೊತೆಗೆ ಏನೇನು ಇಡಬೇಕು?

ಟಿಪ್ಪಣಿ ಪುಸ್ತಕ:
ಅಧಿಸೂಚನೆಯಲ್ಲೇ ಯಾರಿಗೆ, ಎಷ್ಟು ದಿನದೊಳಗೆ ಅಂತ ಇರುತ್ತೆ, ಆ ದಿನ ದಾಟಿಸಬೇಡಿ. ಅದು ಬರೋಕೆ ಮುಂಚೆಯೇ ತಹಶೀಲ್ದಾರರಿಗೆ ಒಂದು ಮನವಿ ಕೊಟ್ಟಿಡಿ. ಗ್ರಾಮಸಭೆ ನಡಾವಳಿಯ ಪ್ರತಿ ಪಂಚಾಯಿತಿಯಿಂದ ತಗೊಳ್ಳಿ, ಅದರಲ್ಲಿ ಹೆಸರು ಹೇಗೆ ಬರೆದಿದ್ದಾರೆ ಅಂತ ಮೊದಲು ನೋಡಿ. ಭೂದಾಖಲೆ ಕಚೇರಿಯಲ್ಲಿ ಮೂಲ ಗ್ರಾಮದ ಹಳೇ ನಕಾಶೆ, ಟಿಪ್ಪಣಿ ಪ್ರತಿಗೆ ಅರ್ಜಿ ಹಾಕಿ. 33 ಅಡಿ ಸರಪಳಿ ಹಿಡಿದು ಅಳೆದ ಕಾಲದ ಕಾಗದಗಳಲ್ಲಿ ಎಷ್ಟೋ ಸಲ ಗದ್ದೆ, ಹಳ್ಳದ ಹೆಸರು ಪೆನ್ಸಿಲಲ್ಲಿ ಬರೆದಿರುತ್ತೆ. ಹೊನ್ನೆಮಕ್ಕಿ ಅಂತ ಎಲ್ಲಾದರೂ ಸಿಕ್ಕರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹಳೇ ಮದುವೆ ಕರೆಯೋಲೆ, ದೇವಸ್ಥಾನದ ರಸೀದಿ, ಊರ ಹೆಸರಿಗೆ ಬಂದ ಅಂಚೆ ಕಾಗದ ಇದ್ರೆ ಅದನ್ನೂ ಇಡಿ.

ಮುಳುಗಡೆ ಮನೆಯವಳು:
ದೊಡ್ಡಮ್ಮನ ಹೆಬ್ಬೆಟ್ಟು ಮೊದಲು ಹಾಕ್ಸಿ.

ಟಿಪ್ಪಣಿ ಪುಸ್ತಕ:
ಹೌದು. ಎರಡು ಪ್ರತಿ ತಗೊಂಡು ಹೋಗಿ, ಒಂದಕ್ಕೆ ಸ್ವೀಕೃತಿ ಸೀಲು, ತಾರೀಕು ಹಾಕಿಸ್ಕೊಂಡೇ ಬನ್ನಿ. ಸೋಮವಾರ ಹೋಗೋದಾದ್ರೆ ಹೇಳಿ, ನಾನೂ ಬರ್ತೀನಿ.